ಬೀಗ-ಕೀಲಿಕೈ ಕಥೆಗೆ ಇನ್ನಾದರೂ ಬೀಗ ಹಾಕ್ರಪ್ಪಾ!

ಕನ್ನಡದಲ್ಲಿ ವಿಜ್ಞಾನ ಬರೆಯೋರಿಗೆ (ನಾವು ಬ್ಲಾಗಿಗರೂ ಸೇರಿ, ಬೇಜಾರು ಮಾಡ್ಕೋಬೇಡಿ) ಒಂದು ಚಟ ಅಂಟಿಕೊಂಡಿದೆ. ಪ್ರೋಟೀನ್ ಅನ್ನೋ ಪದ ಬರೋದೇ ತಡ, ಮುಂದಿನ ಸಾಲಿನಲ್ಲಿ ಒಂದು ಬೀಗ ಹಾಜರ್. ಅದರ ಬೆನ್ನಿಗೇ ಕೀಲಿಕೈ. ಕಿಣ್ವದ ಬಗ್ಗೆ ಬರೆದ್ರೂ ಅದೇ, ಹಾರ್ಮೋನ್ ಬಗ್ಗೆ ಬರೆದ್ರೂ ಅದೇ. 2020ರಲ್ಲಿ ಕೊರೊನಾ ಬಂದಾಗಂತೂ ಯಾವ ಪುರವಣಿ ತೆಗೆದ್ರೂ ಕೀಲಿಕೈ ರಿಪೇರಿ ಅಂಗಡಿ ಮುಂದೆ ನಿಂತ ಹಾಗಿತ್ತು. ವೈರಸ್ ಹತ್ರ ಕೀಲಿಕೈ ಇದೆಯಂತೆ, ನಮ್ಮ ಜೀವಕೋಶಕ್ಕೆ ಬೀಗ ಇದೆಯಂತೆ, ಎರಡೂ ಹೊಂದಿದ್ರೆ ಬಾಗಿಲು ತೆಗೀತದಂತೆ. ಮುಗೀತು ವಿಜ್ಞಾನ.

ನಮ್ಮ ರಾಯಚೂರು ಕಡೆ ಇನ್ನೊಂದು ತಮಾಷೆ ಇದೆ. ನಮ್ಮಲ್ಲಿ 'ಕೀಲಿ' ಅಂದ್ರೇನೇ ಬೀಗ. ಬಾಗಿಲಿಗೆ ಕೀಲಿ ಹಾಕ್ತೀವಿ, ಚಾವಿ ತಗೊಂಡು ತೆಗೀತೀವಿ. ಹಾಗಾಗಿ ಬೆಂಗಳೂರಿನ ಲೇಖಕರು 'ಬೀಗ ಮತ್ತು ಕೀಲಿ ಸಿದ್ಧಾಂತ' ಅಂತ ಬರೆದಾಗ ನಮ್ಮೂರ ಹುಡುಗರು ಓದೋದು 'ಬೀಗ ಮತ್ತು ಬೀಗದ ಸಿದ್ಧಾಂತ' ಅಂತ. :-) ಇರಲಿ, ನನ್ನ ತಕರಾರು ಪದದ ಮೇಲಲ್ಲ. ಆ ಹೋಲಿಕೆ ಮೇಲೆ.

ಈ ಹೋಲಿಕೆ ಹುಟ್ಟಿದ್ದು 1894ರಲ್ಲಿ. ಎಮಿಲ್ ಫಿಷರ್ ಅನ್ನೋ ಜರ್ಮನ್ ರಸಾಯನ ವಿಜ್ಞಾನಿ, ಕಿಣ್ವಗಳು ಒಂದು ಬಗೆಯ ಸಕ್ಕರೆ ಅಂಶವನ್ನ ಮುಟ್ಟಿ ಇನ್ನೊಂದನ್ನ ಯಾಕೆ ಮುಟ್ಟಲ್ಲ ಅಂತ ವಿವರಿಸೋಕೆ ಬಳಸಿದ್ದು. ಆಗ ಯಾರೂ ಒಂದು ಪ್ರೋಟೀನಿನ ಆಕಾರವನ್ನ ಕಂಡಿರಲಿಲ್ಲ. ಕಾಣದೇ ಇದ್ದ ಕಾಲದಲ್ಲಿ ಅಷ್ಟು ಊಹಿಸಿದ್ದು ದೊಡ್ಡ ಮಾತು, ಒಪ್ಪೋಣ. ಆದ್ರೆ ಈಗ ನಮಗೆ ಕಾಣುತ್ತೆ ಸ್ವಾಮಿ. ಎರಡು ಲಕ್ಷಕ್ಕಿಂತ ಹೆಚ್ಚು ಆಕಾರಗಳು ಪ್ರೋಟೀನ್ ಡೇಟಾ ಬ್ಯಾಂಕ್ ಅನ್ನೋ ಭಂಡಾರದಲ್ಲಿ ಯಾರು ಬೇಕಾದ್ರೂ ಪುಕ್ಕಟೆ ನೋಡೋ ಹಾಗೆ ಬಿದ್ದಿವೆ. ಅವನ್ನ ಒಮ್ಮೆಯೂ ತೆಗೆದು ನೋಡದೇ 1894ರ ಸಾಲನ್ನೇ ತಿರುಗಿಸಿ ಬರೆಯೋದು ಸೋಮಾರಿತನ. ಅದರಿಂದ ಓದುಗನಿಗೆ ಅರ್ಧ ತಿಳಿಯೋದಿರಲಿ, ಒಮ್ಮೊಮ್ಮೆ ಉಲ್ಟಾ ತಿಳಿಯುತ್ತೆ. ಉಲ್ಟಾ ತಿಳಿದ್ರೆ ನಷ್ಟ ಯಾರಿಗೆ ಅನ್ನೋದಕ್ಕೆ ಆಮೇಲೆ ಬರ್ತೀನಿ. ಮೊದಲು ಹರಳುಗಳು ಏನು ತೋರಿಸ್ತವೆ ನೋಡೋಣ.

ಪೆಪ್ಟೈಡ್ ಅಂದ್ರೆ ಪ್ರೋಟೀನಿನ ತುಂಡು. ಅಮೈನೋ ಆಮ್ಲಗಳನ್ನ ಮಣಿ ಅಂದ್ಕೊಂಡ್ರೆ, ನೂರಾರು ಮಣಿ ಪೋಣಿಸಿದ ಸರ ಮಡಚಿ ಗಂಟಾದ್ರೆ ಪ್ರೋಟೀನ್. ಮೂರೋ, ಹತ್ತೋ, ಹದಿನೈದೋ ಮಣಿಗಳ ತುಂಡು ಸರ ಸಣ್ಣ ಪೆಪ್ಟೈಡ್. ದೊಡ್ಡ ಪ್ರೋಟೀನ್ ಈ ಸಣ್ಣ ತುಂಡನ್ನ ಹಿಡಿಯುತ್ತೆ. ನಮ್ಮ ದೇಹದ ಅರ್ಧ ವ್ಯವಹಾರ ನಡೆಯೋದೇ ಹೀಗೆ ಹಿಡಿಯೋದು-ಬಿಡೋದರ ಮೇಲೆ.

ಹೇಗೆ ಹಿಡಿಯುತ್ತೆ ಅಂತ ನೋಡೋಕೆ ಎರಡನ್ನೂ ಒಟ್ಟಿಗೆ ಕಲಸಿ ಹರಳುಗಟ್ಟಿಸಬೇಕು, ಕಲ್ಲುಸಕ್ಕರೆ ಕಟ್ಟಿಸಿದ ಹಾಗೆ. ಆ ಹರಳಿನ ಮೇಲೆ ಎಕ್ಸ್-ರೇ ಬಿಟ್ರೆ ಚುಕ್ಕಿ ಚುಕ್ಕಿಯಾಗಿ ಚದುರುತ್ತೆ. ಆ ಚುಕ್ಕಿಗಳನ್ನ ಲೆಕ್ಕ ಹಾಕಿದ್ರೆ ಅಣುವಿನಲ್ಲಿ ಎಲೆಕ್ಟ್ರಾನ್ ಎಲ್ಲಿ ದಟ್ಟ, ಎಲ್ಲಿ ತೆಳು ಅನ್ನೋ ನಕ್ಷೆ ಸಿಗುತ್ತೆ. ಒಂದು ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಹರಳಿನಲ್ಲಿ ಕೋಟ್ಯಂತರ ಅಣುಗಳಿರ್ತವೆ, ಸಿಗೋ ಚಿತ್ರ ಅವುಗಳೆಲ್ಲದರ ಸರಾಸರಿ. ಎಲ್ಲ ಅಣುವಿನಲ್ಲೂ ಒಂದೇ ಕಡೆ ಕೂತ ಭಾಗ ಸ್ಪಷ್ಟ ಕಾಣುತ್ತೆ. ಅಲ್ಲಾಡೋ ಭಾಗ ಮಸುಕು. ಜಾತ್ರೆಯಲ್ಲಿ ತೆಗೆದ ಗ್ರೂಪ್ ಫೋಟೋದಲ್ಲಿ ಕೈಕಾಲು ಆಡಿಸ್ತಿದ್ದ ಮಗುವಿನ ಮುಖ ಕಲಸಿ ಹೋಗಿರುತ್ತಲ್ಲ, ಹಾಗೆ.

ಮೊದಲನೇ ಸಾಕ್ಷಿ, 1987. ಅಮೆರಿಕದ ಹಾರ್ವರ್ಡ್‌ನಲ್ಲಿ ಪಮೇಲಾ ಬ್ಯೋರ್ಕ್‌ಮನ್, ಡಾನ್ ವೈಲಿ, ಜ್ಯಾಕ್ ಸ್ಟ್ರೋಮಿಂಜರ್ ಮತ್ತವರ ಜೊತೆಗಾರರು ಮನುಷ್ಯರ ಎಂಎಚ್‌ಸಿ ಪ್ರೋಟೀನಿನ ಹರಳಿನ ರಚನೆ ಪ್ರಕಟಿಸಿದ್ರು. ಜೀವಕೋಶದ ಒಳಗೆ ಏನು ನಡೀತಿದೆ ಅನ್ನೋದನ್ನ ಹೊರಗೆ ತೋರಿಸೋದು ಇದರ ಕೆಲಸ. ಒಳಗಿನ ಪ್ರೋಟೀನುಗಳ ತುಂಡುಗಳನ್ನ ತಂದು ಹೊರಗೆ ಎತ್ತಿ ಹಿಡಿಯುತ್ತೆ. ತುಂಡು ವೈರಸ್ಸಿನದಾಗಿದ್ರೆ ಕಾವಲು ಕೋಶಗಳು ಗುರುತು ಹಿಡಿದು ಮೇಲೆ ಬೀಳ್ತವೆ.

ಅದರ ಆಕಾರ ನೋಡಿದ್ರೆ ಥೇಟ್ ಕಾಲುವೆ. ಕೆಳಗೆ ಚಪ್ಪಟೆ ತಳ, ಎರಡೂ ಕಡೆ ಸುರುಳಿ ಸುತ್ತಿದ ಎರಡು ದಂಡೆ. ಕಾಲುವೆ ಖಾಲಿ ಇರಲಿಲ್ಲ, ಏನೋ ತುಂಬಿತ್ತು. ಆದ್ರೆ ಅದು ಯಾವ ಒಂದು ಅಣುವಿನ ಆಕಾರಕ್ಕೂ ಹೊಂದಲಿಲ್ಲ. ಯಾಕಂದ್ರೆ ಅದು ಒಂದು ಪೆಪ್ಟೈಡ್ ಆಗಿರಲೇ ಇಲ್ಲ. ಒಂದೊಂದು ಅಣುವಿನಲ್ಲಿ ಒಂದೊಂದು ಪೆಪ್ಟೈಡ್ ಕೂತಿತ್ತು, ಎಲ್ಲದರ ಸರಾಸರಿ ಕಾಣ್ತಿತ್ತು. ಮುಂದೆ ಒಂದೇ ಪೆಪ್ಟೈಡ್ ಕೂಡಿಸಿ ಹರಳು ಮಾಡಿದಾಗ ಗುಟ್ಟು ಬಿಚ್ಚಿತು. ಎಂಟರಿಂದ ಹತ್ತು ಮಣಿಗಳ ತುಂಡು. ಅದರ ಎರಡೂ ತುದಿಗಳನ್ನ ಪ್ರೋಟೀನ್ ಗಟ್ಟಿಯಾಗಿ ಹಿಡಿಯುತ್ತೆ, ಮತ್ತೆ ಒಂದೆರಡು ಮಣಿಗಳನ್ನ ಮಾತ್ರ ಕಾಲುವೆ ತಳದ ಗುಂಡಿಗಳಲ್ಲಿ ಕೂರಿಸುತ್ತೆ. ನಡುವಿನ ಮಣಿಗಳು ಯಾವುದಾದ್ರೂ ಇರಲಿ, ಬಿಲ್ಲಿನ ಹಾಗೆ ಮೇಲೆ ಉಬ್ಬಿ ನಿಲ್ತವೆ. ಹೊಲದಲ್ಲಿ ಸಜ್ಜೆ ತೆನೆಯನ್ನ ಎರಡು ತುದಿಗೆ ಹಿಡ್ಕೊಂಡು ತೋರಿಸ್ತೀವಲ್ಲ, ಹಾಗೆ. ತುದಿ ಕೈಗೆ ಸಿಕ್ರೆ ಸಾಕು, ನಡುವೆ ಕಾಳು ದಪ್ಪವೋ ಸಣ್ಣವೋ ಕೈಗೆ ಅದರ ಗೊಡವೆ ಇಲ್ಲ. ಹೀಗಾಗಿ ಒಂದೇ ಎಂಎಚ್‌ಸಿ ಪ್ರೋಟೀನು ಸಾವಿರಾರು ಬೇರೆ ಬೇರೆ ಪೆಪ್ಟೈಡುಗಳನ್ನ ಹಿಡಿಯಬಲ್ಲದು. ಸಾವಿರಾರು ಚಾವಿ ತಗೊಳ್ಳೋ ಬೀಗವನ್ನ ನಮ್ಮೂರಲ್ಲಿ ಬೀಗ ಅನ್ನಲ್ಲ, ಕೆಟ್ಟ ಬೀಗ ಅಂತಾರೆ.

ಇನ್ನೊಂದು ಮಾತು. ಆ ಗುಂಡಿಗಳ ಆಕಾರ ಮನುಷ್ಯನಿಂದ ಮನುಷ್ಯನಿಗೆ ಬೇರೆ. ದನಗಳಲ್ಲೂ ಅಷ್ಟೇ, ಹಸುವಿನಿಂದ ಹಸುವಿಗೆ ಬೇರೆ. ಇದನ್ನೂ ನೆನಪಲ್ಲಿಡಿ.

ಎರಡನೇ ಸಾಕ್ಷಿ, 1994. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಗೊತ್ತಲ್ಲ, ಹೊಟ್ಟೆ ಕೆಡಿಸೋ ಕುಲದ್ದು. ಅದರಲ್ಲಿ ಆಪ್-ಎ ಅಂತ ಒಂದು ಪ್ರೋಟೀನ್ ಇದೆ. ಸುತ್ತಮುತ್ತ ಸಿಗೋ ಎರಡರಿಂದ ಐದು ಮಣಿಗಳ ಪೆಪ್ಟೈಡುಗಳನ್ನ ಹಿಡಿದು ಒಳಗೆ ಊಟಕ್ಕೆ ಕಳಿಸೋದು ಇದರ ಕೆಲಸ. ಊಟಕ್ಕೆ ಕೂತವನು ಇಂಥದ್ದೇ ರೊಟ್ಟಿ ಬೇಕು ಅಂತ ಹಟ ಹಿಡಿದ್ರೆ ಉಪವಾಸ ಬೀಳ್ತಾನೆ. ಆದ್ದರಿಂದ ಇದಕ್ಕೆ ಯಾವ ಮಣಿಯಾದ್ರೂ ನಡೆಯುತ್ತೆ. ಹೇಗೆ? ಬ್ರಿಟನ್ನಿನ ಯಾರ್ಕ್ ವಿಶ್ವವಿದ್ಯಾಲಯದವರು ಹರಳು ಕಟ್ಟಿ ನೋಡಿದ್ರು. ಪ್ರೋಟೀನಿನ ಎರಡು ಭಾಗಗಳು ಎರಡು ಅಂಗೈ ಮುಚ್ಚಿದ ಹಾಗೆ ಪೆಪ್ಟೈಡನ್ನ ಪೂರ್ತಿ ಒಳಗೆ ಮುಚ್ಚಿಕೊಂಡಿದ್ವು. ಗಟ್ಟಿಯಾಗಿ ಹಿಡಿದದ್ದು ಸರದ ದಾರವನ್ನ, ಅಂದ್ರೆ ಎಲ್ಲ ಪೆಪ್ಟೈಡಿನಲ್ಲೂ ಒಂದೇ ಥರ ಇರೋ ಬೆನ್ನೆಲುಬನ್ನ. ಬದಿಗೆ ಚಾಚಿದ ಮಣಿಗಳಿಗೆ ದೊಡ್ಡ ದೊಡ್ಡ ಖೋಲಿ ಬಿಟ್ಟು, ಉಳಿದ ಜಾಗದಲ್ಲಿ ನೀರಿನ ಅಣುಗಳನ್ನ ತುಂಬಿತ್ತು. ಸಣ್ಣ ಮಣಿ ಬಂದ್ರೆ ನೀರು ಜಾಸ್ತಿ, ದೊಡ್ಡ ಮಣಿ ಬಂದ್ರೆ ನೀರು ಕಡಿಮೆ. ಬಳೆಗಾರ ಬಳೆಗಳ ಸಂದಿಗೆ ಹುಲ್ಲು ತುರುಕ್ತಾನಲ್ಲ, ಬಳೆ ಸೈಜು ಯಾವುದಾದ್ರೂ ಪೆಟ್ಟಿಗೆ ಅಲ್ಲಾಡಬಾರದು ಅಂತ, ಅದೇ ಲೆಕ್ಕ. ನೀರು ತುಂಬಿ ಸರಿ ಮಾಡಿಕೊಳ್ಳೋ ಬೀಗ ಯಾರಾದ್ರೂ ಕಂಡಿದ್ರೆ ತಿಳಿಸಿ.

ಮೂರನೇ ಸಾಕ್ಷಿ ನಮ್ಮವರದೇ. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಕನ್ನಡದಲ್ಲಿ ಇದರ ಬಗ್ಗೆ ಯಾರೂ ಬರೆದದ್ದು ನಾನು ಓದಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಟಾಟಾ ಇನ್‌ಸ್ಟಿಟ್ಯೂಟ್ ಅಂದ್ರೆ ಆಟೋದವರಿಗೂ ಗೊತ್ತು) ಜಿ. ಎನ್. ರಾಮಚಂದ್ರನ್ ಕಟ್ಟಿದ ಮಾಲಿಕ್ಯುಲಾರ್ ಬಯೋಫಿಸಿಕ್ಸ್ ವಿಭಾಗ ಇದೆ. ಆಕ್ಸ್‌ಫರ್ಡ್‌ನಲ್ಲಿ ಡೊರೊಥಿ ಹಾಜ್‌ಕಿನ್ ಜೊತೆ ಇನ್ಸುಲಿನ್ ರಚನೆಯ ಮೇಲೆ ಕೆಲಸ ಮಾಡಿ 1971ರಲ್ಲಿ ವಾಪಸ್ ಬಂದ ಎಂ. ವಿಜಯನ್ ಇಲ್ಲಿ ಪ್ರೋಟೀನ್ ಹರಳುಗಳ ಕೆಲಸ ಬೆಳೆಸಿದ್ರು. ಶೇಂಗಾ ಬೀಜದಲ್ಲಿರೋ ಲೆಕ್ಟಿನ್ ಅನ್ನೋ ಪ್ರೋಟೀನಿನ ರಚನೆಯನ್ನ ಅವರ ಗುಂಪು 1994ರಲ್ಲಿ ಪ್ರಕಟಿಸಿತು, ಹಲಸಿನ ಬೀಜದ ಜ್ಯಾಕಲಿನ್ ರಚನೆಯನ್ನ 1996ರಲ್ಲಿ. ನಮ್ಮ ಹೊಲದ ಶೇಂಗಾ, ಮಲೆನಾಡಿನ ಹಲಸು, ಎರಡರ ಒಳಗನ್ನೂ ಬೆಂಗಳೂರಿನಲ್ಲೇ ಕೂತು ನೋಡಿದ್ರು. ಪ್ರೋಟೀನಿಗೆ ಕೈ ಹಾಕೋ ಮೊದಲೇ ಒಂದು ಅಮೈನೋ ಆಮ್ಲ ಇನ್ನೊಂದರ ಪಕ್ಕ, ಪೆಪ್ಟೈಡ್ ಪಕ್ಕ ಹೇಗೆ ಕೂರುತ್ತೆ ಅಂತ ಸಣ್ಣ ಸಣ್ಣ ಹರಳುಗಳನ್ನ ಕಟ್ಟಿ ವರ್ಷಗಟ್ಟಲೆ ನೋಡಿದ ಗುಂಪು ಅದು. 2022ರಲ್ಲಿ ವಿಜಯನ್ ತೀರಿಕೊಂಡ್ರು.

ಅವರ ಹತ್ರ ಪಿಎಚ್‌ಡಿ ಮಾಡಿದವರಲ್ಲಿ ದಿನಕರ್ ಸಾಳುಂಕೆ ಒಬ್ರು. ಮುಂದೆ ದೆಹಲಿಯ ರಾಷ್ಟ್ರೀಯ ರೋಗನಿರೋಧಕ ವಿಜ್ಞಾನ ಸಂಸ್ಥೆಯಲ್ಲಿ ಅವರ ಗುಂಪು ಒಂದು ಮಜಾ ಪ್ರಶ್ನೆ ಹಿಡೀತು. ಜ್ಯಾಕ್ ಬೀನ್ ಅನ್ನೋ ಅವರೆ ಜಾತಿಯ ಕಾಳಿನಲ್ಲಿ ಕಾನ್‌ಕನವಾಲಿನ್-ಎ ಅಂತ ಒಂದು ಪ್ರೋಟೀನ್ ಇದೆ. ಅದು ಹಿಡಿಯೋದು ಸಕ್ಕರೆಯನ್ನ. ಆದ್ರೆ ಸಕ್ಕರೆ ಅಲ್ಲವೇ ಅಲ್ಲದ ಕೆಲವು ಪೆಪ್ಟೈಡುಗಳನ್ನೂ ಹಿಡಿಯುತ್ತೆ ಅಂತ ಗೊತ್ತಾಗಿತ್ತು. ಬೀಗ-ಕೀಲಿಕೈ ಭಕ್ತರ ಉತ್ತರ ರೆಡಿ: ಆ ಪೆಪ್ಟೈಡು ನಕಲಿ ಚಾವಿ, ಸಕ್ಕರೆ ಕೂರೋ ತೂತಿನಲ್ಲೇ ಕೂರುತ್ತೆ. ನಂಬೋ ಹಾಗೇ ಇದೆ ಅಲ್ವಾ?

2000ದಲ್ಲಿ 12 ಮಣಿಗಳ ಪೆಪ್ಟೈಡ್ ಜೊತೆ ಹರಳು ಕಟ್ಟಿ ನೋಡಿದ್ರು. ಪೆಪ್ಟೈಡು ಸಕ್ಕರೆಯ ಜಾಗದಲ್ಲಿ ಇರಲೇ ಇಲ್ಲ! ಬೇರೆ ಜಾಗದಲ್ಲಿ ಕೂತಿತ್ತು. 2001ರಲ್ಲಿ 10 ಮಣಿ ಮತ್ತು 15 ಮಣಿಗಳ ಇನ್ನೆರಡು ಪೆಪ್ಟೈಡ್ ಜೊತೆ ಹರಳು ಕಟ್ಟಿದ್ರು. ಮೂರೂ ಪೆಪ್ಟೈಡು ಕೂತದ್ದು ಒಂದೇ ಜಾಗದಲ್ಲಿ, ಆದ್ರೆ ಒಂದೊಂದೂ ಹಿಡ್ಕೊಂಡ ರೀತಿ ಬೇರೆ. ಒಂದು ಈ ಕೊಂಬೆ ಹಿಡಿದ್ರೆ ಇನ್ನೊಂದು ಆ ಕೊಂಬೆ. ಪ್ರೋಟೀನು ಕೂಡ ಬಂದವರಿಗೆ ತಕ್ಕಂತೆ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಿತ್ತು. ರಾಯಚೂರು ಪ್ಯಾಸೆಂಜರ್‌ನಲ್ಲಿ ಮೂರು ಜನರ ಸೀಟಿನಲ್ಲಿ ನಾಲ್ಕನೆಯವನು ಬಂದ್ರೆ ಎಲ್ಲರೂ ಸರೀತಾರಲ್ಲ, ಹಾಗೆ.

ಅದೇ ಗುಂಪು 2006ರಲ್ಲಿ ಪ್ರತಿಕಾಯಗಳ ಮೇಲೆ ಇನ್ನೊಂದು ಕೆಲಸ ಪ್ರಕಟಿಸಿತು. ಇನ್ನೂ ಪಳಗದ, ಹುಟ್ಟಿದ ಹಾಗೇ ಇರೋ ಒಂದು ಪ್ರತಿಕಾಯ ಬೇರೆ ಬೇರೆ ಪೆಪ್ಟೈಡುಗಳನ್ನ ಹಿಡಿಯುವಾಗ, ಒಂದೊಂದು ಪೆಪ್ಟೈಡೂ ಅದೇ ಬೊಗಸೆಯ ಬೇರೆ ಬೇರೆ ಮೂಲೆಯಲ್ಲಿ ಕೂತಿತ್ತು. ನೋಡೇ ಇರದ ರೋಗದ ಮುಂದೆ ದೇಹ ಬರಿಗೈಲಿ ನಿಲ್ಲದೇ ಇರೋದಕ್ಕೆ ಇಂಥ ಸಡಿಲ ಹಿಡಿತವೂ ಒಂದು ಕಾರಣ. ಒಂದು ಬೀಗಕ್ಕೆ ಒಂದೇ ಚಾವಿ ಅಂತಿದ್ದಿದ್ರೆ ನಾವ್ಯಾರೂ ಈ ಬ್ಲಾಗು ಓದೋಕೆ ಉಳೀತಿರಲಿಲ್ಲ.

ಇಷ್ಟೂ ಕೇಳಿ ನೀವು ಅನ್ನಬಹುದು, ಆಯ್ತಪ್ಪಾ, ವಿಜ್ಞಾನಿಗಳು ತಲೆ ಕೆಡಿಸ್ಕೊಳ್ಳಲಿ, ನಮಗೆ ನಿಮಗೆ ಯಾಕೆ ಈ ರಗಳೆ? ಒಂದು ಹೋಲಿಕೆ ಸ್ವಲ್ಪ ಹಳೆಯದಾದ್ರೆ ಯಾರ ಗಂಟು ಹೋಯ್ತು?

ಗಂಟು ಹೋಗುತ್ತೆ. ಯಾರದ್ದು ಅಂತ ಹೇಳ್ತೀನಿ.

ನಮ್ಮೂರು ಮಸರಕಲ್, ದೇವದುರ್ಗ ತಾಲೂಕು. ಊರಿಗೆ ಹೋದಾಗ ನಮ್ಮ ಓಣಿಯ ಕಾಕಾ ಒಬ್ರು ಕೂಡಿಸ್ಕೊಂಡು ಕೇಳಿದ್ರು. ಅವರ ಎತ್ತಿಗೆ ಕಾಲು-ಬಾಯಿ ಬೇನೆ ಬಂದಿತ್ತು. ಬಾಯಿ ತುಂಬ ಜೊಲ್ಲು, ಗೊರಸಿನ ಸಂದಿಯಲ್ಲಿ ಹುಣ್ಣು. ಬಿತ್ತೋ ಹೊತ್ತಿನಲ್ಲಿ ಎತ್ತು ಕುಂತು ಬಿಟ್ರೆ ರೈತನ ಗತಿ ನಿಮಗೆ ಗೊತ್ತೇ ಇದೆ.

"ತಮ್ಮಾ, ನೀ ಓದಿದಾಂವ ಅದಿ, ಹೇಳು. ಸೂಜಿ ಹಾಕ್ಸೀನಿ. ಸೂಜಿ ಅಂದ್ರ ಚಾವಿ ಇದ್ದಂಗ, ರೋಗದ ಕೀಲಿ ಜಡದು ಬಿಡ್ತದ ಅಂತ ಯಾರೋ ಭಾಷಣದಾಗ ಹೇಳಿದ್ರು. ಜಡದಿಲ್ಲ ನೋಡು, ಬ್ಯಾನಿ ಬಂತು. ಅಂದ್ರ ಚಾವಿ ಬರಾಬರಿ ಇಲ್ಲ ಅಂದಂಗಾತು. ಮುಂದಿನ ಸಲ ಯಾಕ ಹಾಕಸ್ಬೇಕು?"

ನೋಡಿ, ಕಾಕಾನ ತರ್ಕದಲ್ಲಿ ಒಂದು ಕೂದಲೆಳೆ ತಪ್ಪಿಲ್ಲ. ಚಾವಿ ಅಂದ್ರೆ ಒಂದೋ ಹತ್ತಬೇಕು, ಇಲ್ಲ ಬಿಸಾಕಬೇಕು. ಮುಕ್ಕಾಲು ಹತ್ತೋ ಚಾವಿ ಅಂತ ಇರಲ್ಲ. ತಪ್ಪು ಇರೋದು ಅವರಿಗೆ ಕೊಟ್ಟ ಹೋಲಿಕೆಯಲ್ಲಿ. ಅದನ್ನ ಕೊಟ್ಟದ್ದು ನಮ್ಮಂಥ ಬರೆಯೋ-ಮಾತಾಡೋ ಮಂದಿ.

ಈ ಕಾಲು-ಬಾಯಿ ಬೇನೆಯ ವೈರಸ್ಸೇ ನನ್ನ ನಾಲ್ಕನೇ ಸಾಕ್ಷಿ. 1989ರಲ್ಲಿ ಇದರ ರಚನೆ ಹರಳಿನಲ್ಲಿ ಸಿಕ್ತು, 2.9 ಆಂಗ್‌ಸ್ಟ್ರಾಂ ಸೂಕ್ಷ್ಮತೆಯಲ್ಲಿ. (ಒಂದು ಸೆಂಟಿಮೀಟರನ್ನ 10 ಕೋಟಿ ಭಾಗ ಮಾಡಿದ್ರೆ ಒಂದು ಭಾಗ ಒಂದು ಆಂಗ್‌ಸ್ಟ್ರಾಂ.) ಆ ಲೇಖನದ ಮೊದಲ ಹೆಸರು ರವಿ ಆಚಾರ್ಯ, ಆಗ ಆಕ್ಸ್‌ಫರ್ಡ್‌ನಲ್ಲಿದ್ರು, ಮುಂದೆ ಬಾತ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್. ವೈರಸ್ಸಿನ ಚಿಪ್ಪಿನ ಮೇಲೆ ವಿಪಿ-1 ಅನ್ನೋ ಪ್ರೋಟೀನಿನ 60 ಪ್ರತಿಗಳಿವೆ. ಪ್ರತಿಯೊಂದರಿಂದಲೂ ಒಂದು ಕುಣಿಕೆ ಹೊರಗೆ ಚಾಚಿದೆ. ಆ ಕುಣಿಕೆಯ ಮೇಲೆ ಆರ್ಜಿನಿನ್, ಗ್ಲೈಸಿನ್, ಆಸ್ಪಾರ್ಟಿಕ್ ಆಮ್ಲ ಅಂತ ಮೂರು ಮಣಿ ಸಾಲಾಗಿವೆ. ವಿಜ್ಞಾನಿಗಳು ಚಿಕ್ಕದಾಗಿ ಆರ್‌ಜಿಡಿ ಅಂತಾರೆ. ವೈರಸ್ಸು ದನದ ಜೀವಕೋಶದ ಮೇಲಿನ ಇಂಟೆಗ್ರಿನ್ ಪ್ರೋಟೀನಿಗೆ ಅಂಟಿಕೊಳ್ಳೋದು ಈ ಮೂರು ಮಣಿಗಳಿಂದಲೇ.

ಅಂದ್ರೆ ಬೀಗ-ಕೀಲಿಕೈ ಭಾಷೆಯಲ್ಲಿ ಚಾವಿಯ ಹಲ್ಲು ಇದೇ. ಹರಳಿನಲ್ಲಿ ಆ ಚಾವಿ ಹೇಗೆ ಕಾಣಿಸ್ತು ಗೊತ್ತಾ? ಕಾಣಿಸಲೇ ಇಲ್ಲ! ಚಿಪ್ಪಿನ ಉಳಿದ ಭಾಗ ಸ್ಪಷ್ಟ, ಆ ಕುಣಿಕೆ ಇರಬೇಕಾದ ಕಡೆ ಬರೀ ಮಸುಕು. ಜಾತ್ರೆ ಫೋಟೋದ ಮಗು ನೆನಪಿದೆಯಲ್ಲ? ಆ ಕುಣಿಕೆ ಸದಾ ಅಲ್ಲಾಡ್ತಿರುತ್ತೆ. 1993ರಲ್ಲಿ ಆ ಕುಣಿಕೆಯ ಬುಡದ ಒಂದು ಗಂಧಕದ ಕೊಂಡಿಯನ್ನ ಬಿಡಿಸಿದ ಮೇಲೆ ಅದು ಚಿಪ್ಪಿನ ಮೇಲೆ ಮಲಗಿ ಸುಮ್ಮನಾಯ್ತು, ಆಗ ಅದರ ಆಕಾರ ಸಿಕ್ತು. 2002ರಲ್ಲಿ ಇಂಟೆಗ್ರಿನ್ ಕುಟುಂಬದ ಒಂದು ಪ್ರೋಟೀನು ಆರ್‌ಜಿಡಿ ಪೆಪ್ಟೈಡನ್ನ ಹಿಡಿದ ಹರಳೂ ಬಂತು. ಎರಡು ಪ್ರೋಟೀನುಗಳು ಸೇರೋ ಸಂದಿಯಲ್ಲಿ ಆ ಮೂರು ಮಣಿ ಕೂತಿತ್ತು, ಒಂದು ತುದಿ ಈ ಪ್ರೋಟೀನಿಗೆ, ಇನ್ನೊಂದು ತುದಿ ಆ ಪ್ರೋಟೀನಿನಲ್ಲಿರೋ ಲೋಹದ ಅಯಾನಿಗೆ. ಇದಕ್ಕೆ ನಮ್ಮ ಹೊಲದ ಬದುವಿನಲ್ಲೇ ಹೋಲಿಕೆ ಇದೆ: ಉತ್ತರಾಣಿ. ಪಕ್ಕದಲ್ಲಿ ಹಾದು ಹೋದ್ರೆ ಸಾಕು, ಧೋತ್ರವಾಗಲಿ ಸೀರೆಯಾಗಲಿ ಸಿಕ್ಕಲ್ಲಿ ಅಂಟುತ್ತೆ.

ಈಗ ಲಸಿಕೆಗೆ ಬರೋಣ. ಪ್ರತಿಕಾಯಗಳೂ ಇದೇ ಕುಣಿಕೆಯನ್ನ ಹಿಡೀತವೆ. 1995ರಲ್ಲಿ ಸ್ಪೇನ್ ದೇಶದವರು ಈ ಕುಣಿಕೆಯ 15 ಮಣಿಗಳ ಪೆಪ್ಟೈಡನ್ನ ಪ್ರತಿಕಾಯವೊಂದು ಹಿಡಿದಿರೋ ಹರಳನ್ನ ತೋರಿಸಿದ್ರು. ಪ್ರತಿಕಾಯದ ಕೈ ನೇರ ಆರ್‌ಜಿಡಿ ಮೇಲೂ ಇತ್ತು. ಹಾಗಾದ್ರೆ ಚಾವಿ ತಯಾರಿಸೋದು ಸುಲಭ ಅಲ್ವಾ? ಇಡೀ ವೈರಸ್ ಬೆಳೆಸಿ, ಕೊಂದು, ಲಸಿಕೆ ಮಾಡೋ ರಗಳೆ ಯಾಕೆ, ಆ ಕುಣಿಕೆಯ 20 ಮಣಿಗಳನ್ನ ಲ್ಯಾಬಿನಲ್ಲಿ ಪೋಣಿಸಿ ಚುಚ್ಚಿದ್ರೆ ಮುಗೀತಲ್ಲ! ಈ ಆಸೆ 1982ರಲ್ಲೇ ಹುಟ್ಟಿತ್ತು. ಗಿನಿಯಿಲಿಗಳಲ್ಲಿ ಕೆಲಸ ಮಾಡಿತು ಕೂಡ. ಜಗತ್ತೇ ಕುಣಿದಾಡ್ತು.

ದನಗಳ ಮೇಲೆ? 1997ರಲ್ಲಿ ಅರ್ಜೆಂಟೀನಾದ ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು. 138 ದನಗಳು, ಹಲವು ಬಗೆಯ ಪೆಪ್ಟೈಡುಗಳು. ಯಾವ ಪೆಪ್ಟೈಡೂ ನೂರಕ್ಕೆ 40ಕ್ಕಿಂತ ಹೆಚ್ಚು ದನಗಳನ್ನ ಕಾಯಲಿಲ್ಲ. ಮೇಲಿಂದ, ಲಸಿಕೆ ಪಡೆದ ಕೆಲವು ದನಗಳಲ್ಲಿ ಕುಣಿಕೆಯ ಮಣಿ ಬದಲಿಸಿಕೊಂಡು ತಪ್ಪಿಸಿಕೊಂಡ ವೈರಸ್ಸುಗಳು ಸಿಕ್ಕವು. (ಹಂದಿಗಳಿಗೆ ಚೀನಾದಲ್ಲಿ ಪೆಪ್ಟೈಡ್ ಲಸಿಕೆ ಬಳಕೆಗೆ ಬಂತು, ಆ ದಾರಿ ಪೂರ್ತಿ ಮುಚ್ಚಿಲ್ಲ.)

ಇದಕ್ಕೆ ವಿಜ್ಞಾನಿಗಳು ಕೊಡೋ ಕಾರಣಗಳಲ್ಲಿ ದೊಡ್ಡದು ಮೊದಲನೇ ಸಾಕ್ಷಿಯಲ್ಲೇ ಇದೆ. ಪ್ರತಿಕಾಯ ತಯಾರಾಗೋಕೆ ಸಹಾಯಕ ಕೋಶಗಳ ಒಪ್ಪಿಗೆ ಬೇಕು. ಆ ಕೋಶಗಳಿಗೆ ಪೆಪ್ಟೈಡು ಕಾಣಬೇಕಾದ್ರೆ ಆ ದನದ ಎಂಎಚ್‌ಸಿ ಕಾಲುವೆಯಲ್ಲಿ ಅದು ಕೂರಬೇಕು. (ಇಲ್ಲಿ ಬೇಕಾದ ಎಂಎಚ್‌ಸಿ ಇನ್ನೊಂದು ಬಗೆಯದು, ಕಾಲುವೆಯ ಎರಡೂ ತುದಿ ಬಾಯಿ ತೆರೆದದ್ದು, ಉದ್ದದ ತುಂಡು ಹಿಡಿಯುತ್ತೆ. ಗುಂಡಿಗಳ ಲೆಕ್ಕ ಮಾತ್ರ ಅದೇ.) ಗುಂಡಿಗಳು ದನದಿಂದ ದನಕ್ಕೆ ಬೇರೆ ಅಂದೆನಲ್ಲ? ಒಂದೇ 20 ಮಣಿಯ ತುಂಡು ಕೊಟ್ರೆ ಕೆಂದ ಆಕಳಿಗೆ ಕೂತೀತು, ಕರಿ ಆಕಳಿಗೆ ಜಾರೀತು. ಇಡೀ ವೈರಸ್ಸನ್ನ ಕೊಂದು ಕೊಟ್ರೆ ಅದು ದೇಹದೊಳಗೆ ನೂರಾರು ಬಗೆಯ ತುಂಡಾಗುತ್ತೆ, ಯಾವ ದನದ ಕಾಲುವೆಗಾದ್ರೂ ಯಾವುದಾದ್ರೂ ತುಂಡು ಹತ್ತುತ್ತೆ. ಜೊತೆಗೆ ಪ್ರತಿಕಾಯ ಹಿಡಿಯೋಕೆ ಕುಣಿಕೆ ಒಂದೇ ಅಲ್ಲದೆ ಚಿಪ್ಪಿನ ಬೇರೆ ಜಾಗಗಳೂ ಸಿಗ್ತವೆ. ಓ ಬಗೆಯ ವೈರಸ್ಸಿನಲ್ಲಿ ಅಂಥ ಐದು ಜಾಗಗಳನ್ನ ಗುರುತಿಸಿದ್ದಾರೆ.

ಅದಕ್ಕೇ ನಮ್ಮ ದೇಶದಲ್ಲಿ ಇವತ್ತಿಗೂ ದನಗಳಿಗೆ ಹಾಕೋದು ಕೊಂದ ಪೂರ್ತಿ ವೈರಸ್ಸಿನ ಲಸಿಕೆ. ಓ, ಎ, ಏಷ್ಯಾ-1 ಅಂತ ಇಲ್ಲಿ ಓಡಾಡೋ ಮೂರೂ ಬಗೆ ಅದರಲ್ಲಿವೆ. ಆರು ತಿಂಗಳಿಗೊಮ್ಮೆ ಹಾಕಬೇಕು, 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದ ಲೆಕ್ಕವೂ ಅದೇ. ಯಾಕಂದ್ರೆ ಈ ಹಿಡಿತ ತಿಂಗಳು ಕಳೆದಂತೆ ಸಡಿಲಾಗುತ್ತೆ. ಕರುವಿಗೆ ಮೊದಲ ಸಲ ಹಾಕಿದಾಗ ಒಂದು ತಿಂಗಳಿಗೆ ಇನ್ನೊಂದು ಸಲ ಹಾಕಬೇಕು. ಲಸಿಕೆ ತಂಪಿನಲ್ಲೇ ಇರಬೇಕು, ರಾಯಚೂರು ಬಿಸಿಲಿಗೆ ಬಿಟ್ರೆ ಸತ್ವ ಹೋಗುತ್ತೆ. ಹಾಕಿದ ಮಾರನೇ ದಿನಕ್ಕೇ ರಕ್ಷಣೆ ಬರಲ್ಲ, ಒಂದೆರಡು ವಾರ ಬೇಕು. ಊರಿಗೆ ರೋಗ ಹೊಕ್ಕ ಮೇಲೆ ಹಾಕಿಸಿದ್ರೆ ತಡವಾಗಿರುತ್ತೆ. ಊರಲ್ಲಿ ಹೆಚ್ಚು ದನಗಳಿಗೆ ಹಾಕಿಸಿದಷ್ಟೂ ರೋಗಕ್ಕೆ ದಾರಿ ಕಡಿಮೆ. 2013ರಲ್ಲಿ ಕರ್ನಾಟಕದಲ್ಲಿ ಈ ಬೇನೆ ಹಬ್ಬಿ ಸಾವಿರಾರು ದನಗಳು ಸತ್ತದ್ದು ಎಲ್ಲರಿಗೂ ನೆನಪಿರಬೇಕು.

ಕಾಕಾಗೆ ನಾನು ಇದನ್ನೇ ಹೇಳಿದೆ. ಚಾವಿ ಮರೆತುಬಿಡು ಕಾಕಾ, ಇದು ಕುಸ್ತಿ ಹಿಡಿತ ಅಂದೆ. ಪೈಲ್ವಾನ ಒಂದೇ ಪಟ್ಟು ಕಲಿತ್ರೆ ಎದುರಾಳಿ ನುಣುಚಿಕೊಳ್ತಾನೆ. ಹತ್ತು ಪಟ್ಟು ಕಲೀಬೇಕು. ತಾಲೀಮು ಬಿಟ್ರೆ ಹಿಡಿತ ಸಡಿಲ, ಅದಕ್ಕೇ ಆರು ತಿಂಗಳಿಗೊಮ್ಮೆ ತಾಲೀಮು. ತಾಲೀಮು ಮಾಡಿದ ಪೈಲ್ವಾನನೂ ಒಮ್ಮೊಮ್ಮೆ ಸೋಲ್ತಾನೆ, ಹಾಗಂತ ಯಾರೂ ಗರಡಿಮನೆ ಮುಚ್ಚಲ್ಲ. ಕಾಕಾ ಅಂದದ್ದು ಇಷ್ಟೇ: "ಹಿಂಗ ಮೊದಲ ಹೇಳಬೇಕಿಲ್ಲೋ?"

ಹೌದಲ್ಲ, ಮೊದಲೇ ಯಾಕೆ ಹೇಳಲಿಲ್ಲ?

'ಜನಸಾಮಾನ್ಯರಿಗೆ ಅರ್ಥ ಆಗಲ್ಲ, ಸರಳ ಮಾಡಬೇಕು' ಅನ್ನೋದು ನಮ್ಮ ಖಾಯಂ ಉತ್ತರ. ಇದರಷ್ಟು ಸೊಕ್ಕಿನ ಮಾತು ಇನ್ನೊಂದಿಲ್ಲ. ಉತ್ತರಾಣಿ, ಬಳೆ ಪೆಟ್ಟಿಗೆ, ಕುಸ್ತಿ ಪಟ್ಟು, ಇವು ಬೀಗಕ್ಕಿಂತ ಕಷ್ಟವೇ? ಹೋಲಿಕೆ ಬೇಡ ಅಂತ ನಾನು ಹೇಳ್ತಿಲ್ಲ, ಹೋಲಿಕೆ ಇಲ್ಲದೆ ಕನ್ನಡದಲ್ಲಿ ಬಾಯೇ ತೆಗೆಯೋಕಾಗಲ್ಲ. ಸರಳ ಮಾಡೋದಕ್ಕೂ ತಪ್ಪು ಮಾಡೋದಕ್ಕೂ ವ್ಯತ್ಯಾಸ ಇದೆ ಅಂತಿದ್ದೀನಿ. ಬೀಗ-ಕೀಲಿಕೈ ಹೊಂದೋ ಜಾಗ ಇಲ್ಲವೇ ಇಲ್ಲ ಅಂತಲೂ ಅಲ್ಲ. ಎಂಎಚ್‌ಸಿ ತಳದ ಆ ಒಂದೊಂದು ಗುಂಡಿ ಸಾಕಷ್ಟು ಹಟಮಾರಿಯೇ. ಆದ್ರೆ ಇಡೀ ಮನೆಯನ್ನ ಬರೀ ಬಾಗಿಲ ಚಿಲಕ ನೋಡಿ ವರ್ಣಿಸಬಾರದು.

ಇನ್ನೊಂದು ಉತ್ತರ ನಮ್ಮ ಸಾಫ್ಟ್‌ವೇರ್ ಜಾತಿಯವರದು. ನಾನೂ ಇಂಜಿನಿಯರಿಂಗ್ ಓದಿ ಕೋಡ್ ಬರೆಯೋನೇ, ಹಾಗಾಗಿ ಇದನ್ನ ದಿನಾ ಕೇಳ್ತೀನಿ. ಆಲ್ಫಾಫೋಲ್ಡ್ ಬಂತು, 2024ರ ನೊಬೆಲ್ಲೂ ಬಂತು, ಇನ್ನು ಹರಳು ಕಟ್ಟೋದೆಲ್ಲ ಅಜ್ಜನ ಕಾಲದ ಮಾತು ಅಂತಾರೆ. ಮಿತ್ರರೇ, ಆ ಸಾಫ್ಟ್‌ವೇರ್ ಓದಿ ಕಲಿತ ಪಠ್ಯಪುಸ್ತಕ ಯಾವುದು? 1971ರಿಂದ ಒಂದೊಂದಾಗಿ ಪ್ರೋಟೀನ್ ಡೇಟಾ ಬ್ಯಾಂಕಿಗೆ ಸೇರಿಸಿದ ರಚನೆಗಳು, ಬಹುಪಾಲು ಹರಳುಗಳಿಂದಲೇ ಬಂದದ್ದು. ಬೆಂಗಳೂರಿನ ಶೇಂಗಾ ಹರಳೂ ಅದರಲ್ಲಿ ಒಂದು ಪುಟ. ಅಷ್ಟು ಓದಿದ ಮೇಲೂ ವೈರಸ್ಸಿನ ಕುಣಿಕೆಯಂಥ ಅಲ್ಲಾಡೋ ಭಾಗ ಬಂದ್ರೆ, ನನಗೆ ಇಲ್ಲಿ ಭರವಸೆ ಕಡಿಮೆ ಅಂತ ಅದೇ ಅಂಕಿ ಕೊಟ್ಟು ಹೇಳುತ್ತೆ. ಯಂತ್ರಕ್ಕಿರೋ ಆ ವಿನಯ ನಮಗೂ ಇದ್ರೆ ಚೆಂದ.

ನನ್ನ ಬೇಡಿಕೆ ಚಿಕ್ಕದು. ಮುಂದಿನ ಸಲ ಪ್ರೋಟೀನ್ ಬಗ್ಗೆ ಬರೆಯುವಾಗ ಬೀಗ ಅಂತ ಟೈಪ್ ಮಾಡೋ ಮುಂಚೆ ಐದು ನಿಮಿಷ ಆ ಭಂಡಾರ ತೆಗೆದು, ಆ ಪ್ರೋಟೀನು ಏನನ್ನ ಹೇಗೆ ಹಿಡಿದಿದೆ ಅಂತ ನೋಡಿ. ಮೌಸಿನಲ್ಲಿ ಹಿಡಿದು ತಿರುಗಿಸಬಹುದು, ಹತ್ತಿರ ಹೋಗಿ ನೋಡಬಹುದು, ದುಡ್ಡು ಕೇಳಲ್ಲ, ಪಾಸ್‌ವರ್ಡ್ ಕೇಳಲ್ಲ. ತುದಿ ಹಿಡಿದಿದೆಯಾ, ಬೆನ್ನು ಹಿಡಿದಿದೆಯಾ, ನಡುವೆ ನೀರಿದೆಯಾ, ಯಾವ ಭಾಗ ಮಸುಕಾಗಿದೆ? ಕಂಡದ್ದಕ್ಕೆ ನಿಮ್ಮೂರ ಹೋಲಿಕೆ ಹುಡುಕಿ. ಮಂಗಳೂರಿನವರಿಗೆ ಮೀನಿನ ಬಲೆ ಹೊಳೀಬಹುದು, ಧಾರವಾಡದವರಿಗೆ ಇನ್ನೇನೋ.

ನಿಮಗೆ ಹೊಳೆದ ಹೋಲಿಕೆಯನ್ನ ಕೆಳಗೆ ಕಮೆಂಟಿನಲ್ಲಿ ಹಾಕಿ. ಜಗಳ ಇದ್ರೆ ಅದನ್ನೂ ಹಾಕಿ, ಮಾಡೋಣ. ಚಾವಿ ಮಾತ್ರ ತರಬೇಡಿ.